ಲಟ್ಟಣಿಗಿಗೆ ಕೂಡಿಸಿದ ಮುತ್ತು

ನಮ್ಮ ಮಾಮಾನಿಗೆ ಗೊತ್ತಿಲ್ಲದ ಶಬ್ದ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೂ ನಮ್ಮೂರ ಹಾದಿ ಹಿಡಿದಿಲ್ಲ. ಹಿಡಿದಿದ್ದರೂ ಮಾಮಾನನ್ನು ಕಂಡು ಅಗಸಿಬಾಗಿಲಿಂದಲೇ ತಿರುಗಿ ಹೋಗಿದೆ. ಇಷ್ಟು ದೊಡ್ಡ ಪಂಡಿತ ಶಾಲೆಯಲ್ಲಿ ಕಳೆದದ್ದು ಎರಡೇ ವರ್ಷ. ಅದರಲ್ಲೂ ಒಂದು ವರ್ಷ ಕಿಟಕಿಯ ಹೊರಗೆ ನಿಂತು ಎನ್ನುತ್ತಾಳೆ ನಮ್ಮವ್ವ. ಅವಳು ಅವನ ಖಾಸಾ ತಂಗಿ, ಅವಳ ಮಾತು ಸುಳ್ಳಿರಲಾರದು. ಶಬ್ದಕೋಶವೆಂಬ ವಸ್ತುವನ್ನು ಅವನು ದೂರದಿಂದ ನೋಡಿದ್ದಾನೆ, ಕೈಯಿಂದ ಮುಟ್ಟಿಲ್ಲ.

"ಅದು ಅಂಜುಬುರುಕರ ಕಿತಾಬು," ಎನ್ನುತ್ತಾನೆ. "ಹಾದಿ ಕೇಳಾಕ ನಾಚೋರು ನಕಾಶಿ ಹಿಡ್ಕೊಂಡು ತಿರಗತಾರ ನೋಡು, ಹಂಗ ಅದು."

ಮಾಮಾ ಹಗಲಿನಲ್ಲಿ ಜೇವರ್ಗಿಯ ಮಾರುಕಟ್ಟೆಯಲ್ಲಿ ಹಮಾಲ. ತೊಗರಿ ಚೀಲ ಹೊರುತ್ತಾನೆ. ಅರವತ್ತು ದಾಟಿದರೂ ಚೀಲ ಅವನ ಬೆನ್ನೇರಿತೆಂದರೆ ಅತ್ತೆಯ ಮನೆಗೆ ಬಂದ ಹೊಸ ಅಳಿಯನಂತೆ ಅಲ್ಲಾಡದೆ ಕೂಡುತ್ತದೆ. ಆದರೆ ಶ್ರಾವಣ ಬಂತೋ, ನೋಡ್ರಿ, ಇದೇ ಮನುಷ್ಯ ತಿಂಗಳಿಡೀ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಳಿ ರುಮಾಲು ಸುತ್ತಿ, ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಶಾಸ್ತ್ರಿಯಾಗಿ ಕೂಡುತ್ತಾನೆ. ಇಜೇರಿ ಕಡೆಯ ನಮ್ಮ ಸಣ್ಣ ಊರಿನಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುವ ರೂಢಿ. ಹಳಗಾಲದ ಪದ್ಯದ ಪುರಾಣ. ಒಂದೊಂದು ಪದ್ಯಕ್ಕೂ ಆರಾರು ಸಾಲು. ಒಬ್ಬ ರಾಗ ಹಚ್ಚಿ ಓದಬೇಕು, ಇನ್ನೊಬ್ಬ ಅರ್ಥ ಹೇಳಬೇಕು. ಮೂವತ್ತು ವರ್ಷದಿಂದ ಅರ್ಥ ಹೇಳುವವನು ಮಾಮಾ. ಹನ್ನೆರಡು ವರ್ಷದಿಂದ ಓದುವವನು ಈ ಬಡವ.

ಬಡವ ಎಂದದ್ದು ಬಾಯಿಮಾತಿಗೆ. ನಾನು ಗೌಂಡಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಫರಸಿ ಕಲ್ಲು ಹೊರಲು ಹೋದವನು, ಇಂದು ಅದೇ ಫರಸಿಯನ್ನು ಜೇವರ್ಗಿಯ ಅರ್ಧ ಮನೆಗಳಿಗೆ ಹಾಸಿದ್ದೇನೆ. ನಾನು ಹಾಸಿದ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ ನೋಡಿ. ಯಾರ ಅಪ್ಪಣೆಯನ್ನೂ ಕೇಳದೆ ನೆಟ್ಟಗೆ ಬಚ್ಚಲಕ್ಕೆ ಹೋಗುತ್ತದೆ! ದನಿಯೂ ಚೆನ್ನಾಗಿದೆ ಎಂದು ಊರವರು ಹೇಳುತ್ತಾರೆ. ಊರವರು ಹೇಳಿದ್ದನ್ನು ಸುಳ್ಳೆನ್ನಲು ನಾನ್ಯಾರು?

ಇನ್ನು ಮಾಮಾನ ವಿದ್ಯೆಯ ಗುಟ್ಟು. ನನಗೆ ಹೆಣ್ಣು ನೋಡಲು ಆಳಂದಕ್ಕೆ ಅವನನ್ನೇ ಕಳಿಸಿದ್ದರು. ಹೋದವನು ಹೆಣ್ಣಿನ ಮನೆಯ ಹೊಸ್ತಿಲನ್ನೇ ತುಳಿಯಲಿಲ್ಲ. ಎಡಮನೆಯಲ್ಲಿ ನೀರು ಕುಡಿದ, ಬಲಮನೆಯಲ್ಲಿ ಚಹಾ ಕುಡಿದ, ಎದುರಿನ ಹಿಟ್ಟಿನ ಗಿರಣಿಯಲ್ಲಿ ಅರ್ಧ ತಾಸು ಕೂತ, ಬಸ್ಸು ಹಿಡಿದು ತಿರುಗಿ ಬಂದ.

"ಹುಡುಗಿ ಭೇಷ್ ಅದ. ಕೈ ಚುರುಕು. ಮಾತು ಜರಾ ಜೋರು," ಎಂದು ವರದಿ ಒಪ್ಪಿಸಿದ.

"ಅಣ್ಣಾ, ಹುಡುಗೀನ್ನ ನೋಡಿದಿ ಇಲ್ಲೋ?" ಎಂದಳು ಅವ್ವ.

"ಹುಡುಗೀನ್ನೇನು ನೋಡೂದು ಬೇ? ಆಜುಬಾಜೂದವರನ್ನ ನೋಡೀನಿ!"

ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ಮೂರೂ ಮಾತು ಖರೇ. ಮೂರನೆಯದು ದಿನವೂ ಖರೇ.

ಶಬ್ದಕ್ಕೂ ಅವನದು ಇದೇ ಕಾಯಿದೆ. ಗೊತ್ತಿಲ್ಲದ ಶಬ್ದ ಬಂತೋ, ಅದರ ಮುಖ ನೋಡಬಾರದು. ಅದರ ಹಿಂದಿನ ಮನೆ, ಮುಂದಿನ ಮನೆ, ಅಂದರೆ ಅದೇ ಪದ್ಯದ ಹಿಂದುಮುಂದಿನ ಸಾಲು ಕೇಳಬೇಕು. "ಹಿಂದಿಂದು ಓದು... ಹ್ಞಾಂ, ಮುಂದಿಂದು ಓದು," ಎನ್ನುತ್ತ ಕಣ್ಣು ಮುಚ್ಚುತ್ತಾನೆ. ನಾನು ಓದುವಾಗ ಅವನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸರಿದಾಡುತ್ತಿರುತ್ತದೆ. ಜಪ ಮಾಡುತ್ತಾನೆ, ದೊಡ್ಡ ಶಿವಭಕ್ತ ಎಂದುಕೊಂಡಿದ್ದೆ. ಕಣ್ಣು ತೆರೆದನೆಂದರೆ ಮತಲಬ್ ಸಿದ್ಧ. ಅರ್ಥ ಎನ್ನುವುದಿಲ್ಲ ಅವನು, ಮತಲಬ್ ಎನ್ನುತ್ತಾನೆ.

ಒಮ್ಮೆ 'ಕೈದು' ಎಂಬ ಶಬ್ದ ಬಂತು. ಸೈನಿಕರು ದಣಿದು ಬಂದರು, ಕೈದುಗಳನ್ನು ಕೆಳಗಿಟ್ಟರು, ಕೈಕಾಲು ತೊಳೆದು ಊಟಕ್ಕೆ ಕೂತರು ಎಂದು ಪದ್ಯದ ಮಾತು. ಗುಡಿಯಲ್ಲಿ ಕೂತ ಯಾರಿಗೂ ಗೊತ್ತಿಲ್ಲ. ಮಾಮಾ ಕಣ್ಣು ತೆರೆದ.

"ನಾ ಬುತ್ತಿ ಬಿಚ್ಚೂ ಮೊದಲ ಏನು ಕೆಳಗಿಡ್ತೇನಿ? ಚೀಲಾ ಎಳಿಯೂ ಕೊಕ್ಕಿ. ಗೌಂಡಿ ಏನಿಡ್ತಾನ? ಕರಣಿ. ಅಂದ್ರ ಅವರವರ ಕಸಬಿನ ಸಾಮಾನು. ಸೈನಿಕನ ಕಸಬಿನ ಸಾಮಾನು ಯಾವುದ್ರೀ? ಕತ್ತಿ, ಭಲ್ಲೆ! ಅದೇ ಕೈದು."

ಹೇಳಿ ನೋಡೋಣ, ಯಾವ ಶಬ್ದಕೋಶ ಇದಕ್ಕಿಂತ ಚೆನ್ನಾಗಿ ಹೇಳುತ್ತದೆ?

ಆದರೆ ಆಜುಬಾಜಿನವರೇ ತಪ್ಪಿದರೆ? ಅದರ ಸಾಕ್ಷಿಗೆ ನಾನೇ ಇದ್ದೇನೆ. ಗಾಣಗಾಪುರಕ್ಕೆ ಹೋಗಿದ್ದೆವು. ನಾವಿಳಿದ ಲಾಜಿನ ಬಾಗಿಲಲ್ಲಿ ಮರಾಠಿಯಲ್ಲಿ ಬರೆದ ಬೋರ್ಡು. ನಮ್ಮಿಬ್ಬರಿಗೂ ಆ ಅಕ್ಷರ ಬಾರದು. ನಾನು ಯಾರನ್ನಾದರೂ ಕೇಳೋಣವೆಂದೆ. ಮಾಮಾ ಕೈ ಅಡ್ಡ ಹಿಡಿದ. ಬೋರ್ಡಿನ ಕೆಳಗೆ ನಲವತ್ತು ಜೋಡು ಚಪ್ಪಲಿ!

"ನೋಡಲೇ ಅಳಿಯಾ, ಆಜುಬಾಜು ಏನದ? ಚಪ್ಪಲ್. ಬೋರ್ಡಿನಾಗ ಏನದ? 'ಚಪ್ಪಲ್ ಇಲ್ಲಿ ಬಿಡ್ರಿ'. ಇಷ್ಟಕ್ಕ ಮಂದೀನ್ನ ಯಾಕ ಕೇಳ್ತಿ?"

ಸಂಗಮಕ್ಕೆ ಹೋಗಿ ಸ್ನಾನ ಮುಗಿಸಿ ಬಂದೆವು. ಒಂದು ಚಪ್ಪಲಿಯೂ ಇಲ್ಲ. ಕಸದ ಟ್ರ್ಯಾಕ್ಟರು ಎಲ್ಲವನ್ನೂ ಗೋರಿಕೊಂಡು ಹೋಗಿತ್ತು. ಪುಣೆಯ ಕಡೆಯ ಯಾತ್ರಿಕನೊಬ್ಬ ಅಳುಮೋರೆ ಮಾಡಿ ಬೋರ್ಡು ಓದಿ ಹೇಳಿದ: 'ಇಲ್ಲಿ ಚಪ್ಪಲಿ ಬಿಡಬಾರದು.' ಅವನಿಗೆ ಮರಾಠಿ ಬರುತ್ತಿತ್ತು. ಅವನ ಚಪ್ಪಲಿಯೂ ಹೋಗಿತ್ತು!

ಕಾದ ಡಾಂಬರಿನ ಮೇಲೆ ಬಸ್ ನಿಲ್ದಾಣಕ್ಕೆ ಕುಣಿಯುತ್ತ ಹೋಗುವಾಗ ಮಾಮಾ ಹೇಳಿದ್ದು ಇಷ್ಟೇ: "ಓದಾಕ ಬರೋರೇ ಬಿಟ್ಟಾರ. ಇದರಾಗ ನನ್ನ ತಪ್ಪೇನದ?"

ಹೀಗೆ ನಗುನಗುತ್ತ ನಡೆದಿದ್ದ ನಮ್ಮ ಪುರಾಣಕ್ಕೆ ಹೋದ ಶ್ರಾವಣದಲ್ಲಿ ಗ್ರಹಚಾರ ಒಕ್ಕರಿಸಿತು. ಅಫಜಲಪುರ ಕಡೆ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರು ಮಗಳ ಮನೆಗೆಂದು ನಮ್ಮೂರಿಗೆ ಬಂದು ನೆಲೆಸಿದರು. ಮೊದಲ ದಿನವೇ ಮುಂದಿನ ಸಾಲಿನಲ್ಲಿ ಬಂದು ಕೂತರು. ಉಳಿದ ಮುದುಕರ ತೊಡೆಯ ಮೇಲೆ ಮೊಮ್ಮಕ್ಕಳು. ಮಾಸ್ತರರ ತೊಡೆಯ ಮೇಲೆ ಇಟ್ಟಂಗಿಯಷ್ಟು ದಪ್ಪನೆಯ ಶಬ್ದಕೋಶ!

ಆ ದಿನ 'ಎಲರು' ಎಂಬ ಶಬ್ದ ಬಂತು. ಹಿಂದಿನದು ಓದಿದೆ, ಮುಂದಿನದು ಓದಿದೆ. ಮರದ ಎಲೆ ಅಲುಗಿತು, ದಣಿದವರ ಬೆವರು ಆರಿತು ಎಂದಿತ್ತು. "ಗಾಳಿ," ಎಂದ ಮಾಮಾ. ಮಾಸ್ತರರು ಕನ್ನಡಕ ಏರಿಸಿದರು. ಬೆರಳಿಗೆ ಉಗುಳು ಹಚ್ಚಿದರು. ಪುಟ ತಿರುವಿದರು. ಒಂದು... ಎರಡು... ಮೂರು... ಇಡೀ ಗುಡಿ ಆ ಬೆರಳನ್ನೇ ನೋಡುತ್ತ ಉಸಿರು ಹಿಡಿದಿದೆ! ತಬಲಾದವನ ಕೈ ಮೇಲೆತ್ತಿದಲ್ಲೇ ನಿಂತಿದೆ. ಕಡೆಗೆ ಮಾಸ್ತರರು, "ಗಾಳಿ. ಬರೋಬ್ಬರಿ ಅದ," ಎಂದರು. ಗುಡಿಯೆಲ್ಲ ಉಸಿರು ಬಿಟ್ಟಿತು. ಅದೂ ಒಂದು ಎಲರೇ.

ಆಮೇಲೆ ದಿನವೂ ಇದೇ. ನಮ್ಮ ಪುರಾಣಕ್ಕೆ ಎಂದೂ ಬಾರದ ಜನ ಬರತೊಡಗಿದರು, ಕುಸ್ತಿ ನೋಡಲು ಬಂದಂತೆ. ಶಿವನ ಮಹಿಮೆ ಯಾರಿಗೆ ಬೇಕಾಗಿತ್ತು? ಮಾಸ್ತರರ ಬೆರಳು ಎಲ್ಲಿ ನಿಲ್ಲುತ್ತದೆ ಎಂಬುದೇ ಮಹಿಮೆಯಾಯಿತು.

ಹತ್ತನೆಯ ದಿನ ಅದು ನಡೆಯಿತು. ಪದ್ಯದಲ್ಲಿ ರಾಣಿಗೆ ರಾಜನ ಮೇಲೆ ಸಿಟ್ಟು. ಮುನಿದು ಅವನ ಮುಂದೆ 'ತೊಡವ ಬಿಸುಟಳು'. ಬಿಸುಟಳು ಅಂದರೆ ಒಗೆದಳು, ಅದು ಎಲ್ಲರಿಗೂ ಗೊತ್ತು. ಏನು ಒಗೆದಳು? ತೊಡವು ಅಂದರೇನು?

"ಹಿಂದಿಂದು ಓದು." ಓದಿದೆ. "ಮುಂದಿಂದು ಓದು." ಓದಿದೆ. ಮಾಮಾನ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯಿತು, ತಡವರಿಸಿತು, ನಿಂತಿತು. ಕಣ್ಣು ತೆರೆದು ನನ್ನನ್ನು ಒಮ್ಮೆ ನೋಡಿದ. ಆಮೇಲೆ ಜನರ ಕಡೆ ತಿರುಗಿದ.

"ಗಂಡನ ಮ್ಯಾಲ ಸಿಟ್ಟಿಗೆದ್ದ ಹೆಣ್ಣುಮಗಳು ಕೈಗಿ ಸಿಕ್ಕದ್ದು ಏನು ಒಗೀತಾಳ್ರೀ? ಲಟ್ಟಣಿಗಿ! ಇದು ಅನುಭವದ ಮಾತು."

ಹೆಂಗಸರ ಕಡೆಯಿಂದ ಹೋ ಎಂದು ನಗು ಎದ್ದಿತು. ಅತ್ತಿ, ಅಂದರೆ ಮಾಮಾನ ಹೆಂಡತಿ, ಎದ್ದು ನಿಂತೇಬಿಟ್ಟಳು. "ಮೂವತ್ತೈದು ವರ್ಷದಾಗ ಒಮ್ಮೆ ಒಗದೀನ್ರೀ ಯಪ್ಪಾ, ಅದೂ ತಾಗಿಲ್ಲ!"

ಮಾಸ್ತರರು ನಗಲಿಲ್ಲ. ಪುಟ ತಿರುವಿ, ಎದ್ದು ನಿಂತು, ಹಾಜರಿ ಕೂಗುವ ದನಿಯಲ್ಲಿ, "ತೊಡವು ಅಂದ್ರ ಆಭರಣ," ಎಂದರು.

ಮುಂದಿನ ಪದ್ಯವೂ ಅವರ ಪಕ್ಷವೇ ಹಿಡಿಯಬೇಕೆ? ದಾಸಿಯರು ಓಡಿಬಂದು ನೆಲದ ಮೇಲೆ ಚೆಲ್ಲಿದ ಮುತ್ತುಗಳನ್ನು ಆರಿಸಿದರು ಎಂದು ಬಂತು.

"ರಾಜರ ಮನಿ ಲಟ್ಟಣಿಗಿರೀ," ಎಂದ ಮಾಮಾ, ಕಣ್ಣು ಮಿಟುಕಿಸದೆ. "ಮುತ್ತು ಕೂಡಿಸಿರ್ತಾರ!"

ಯಾರೋ ಅದನ್ನು ಫೋನಿನಲ್ಲಿ ಹಿಡಿದು ಎಲ್ಲ ಕಡೆ ಹರಿಬಿಟ್ಟರು. ಮರುದಿನ ಬೆಳಿಗ್ಗೆ ಆಳಂದದಿಂದ ನನ್ನ ಹೆಂಡತಿಯ ತಾಯಿ ಫೋನು ಮಾಡಿ, "ನಿಮ್ಮ ಮಾಮಾನೋರ ಮನ್ಯಾಗ ಎಲ್ಲ ಆರಾಮ ಅದಾರ ಏನ್ರಿ?" ಎಂದು ಭಾರಿ ಕಾಳಜಿಯಿಂದ ಕೇಳಿದಳು.

ಈಗ ನಿಮಗಷ್ಟೇ ಒಂದು ಮಾತು ಹೇಳುತ್ತೇನೆ. ಆ ದಿನದ ತಪ್ಪು ಮಾಮಾನದಲ್ಲ. ನನ್ನದು.

'ತೊಡವ ಬಿಸುಟಳು' ಎಂಬುದರ ಮುಂಚೆ ಇನ್ನೊಂದು ಸಾಲಿತ್ತು. 'ಸ್ಫುರನ್ಮೌಕ್ತಿಕಪ್ರಭೆ' ಎಂದು ಅದು ಶುರುವಾಗುತ್ತಿತ್ತು. ಮೌಕ್ತಿಕ ಅಂದರೆ ಮುತ್ತು. ಮಾಮಾನಿಗೆ ಗೊತ್ತಿರುವ ಶಬ್ದವೇ. ಆ ಸಾಲು ಕಿವಿಗೆ ಬಿದ್ದಿದ್ದರೆ ಅವನು ಕಣ್ಣು ಮುಚ್ಚಿಯೇ ಆಭರಣ ಎನ್ನುತ್ತಿದ್ದ. ಆದರೆ ನಾನು ಅದನ್ನು ಓದಲೇ ಇಲ್ಲ. ಓದಲು ಬರಲಿಲ್ಲ! ಅಂಥ ಒತ್ತಕ್ಷರದ ಸಾಲು ಕಂಡರೆ ನನ್ನ ನಾಲಗೆ ಕೆಸರಿಗೆ ಬಿದ್ದ ಎತ್ತಿನಂತೆ ಮೊಂಡು ಹಿಡಿಯುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. 'ಆ...' ಎಂದು ರಾಗ ಎಳೆಯುವುದು; ಪೇಟಿಯವನು ಹಾರ್ಮೋನಿಯಂ ಏರಿಸುತ್ತಾನೆ, ತಬಲಾದವನು ಹುರುಪಿಗೆ ಬರುತ್ತಾನೆ, ಆ ಗದ್ದಲದಲ್ಲಿ ನಾನು ಸಾಲನ್ನು ಜಿಗಿದು ಆಚೆಗೆ ಹೋಗುತ್ತೇನೆ. ಜನ ತಲೆದೂಗುತ್ತಾರೆ: "ಏನು ದನಿ, ಏನು ರಾಗ!" ಪುರಾಣದ ಪ್ರತಿ ಊರಿಗೆಲ್ಲ ಒಂದೇ, ಅದೂ ನನ್ನ ಕೈಯಲ್ಲಿ. ಯಾರು ಹಿಡಿಯಬೇಕು? ಹನ್ನೆರಡು ವರ್ಷ ಹೀಗೇ ದಾಟಿದ್ದೆ.

ಮೂರು ದಿನ ಬಿಟ್ಟು ಊರ ಹಿರಿಯರು ಗುಡಿಯಲ್ಲಿ ಕೂಡಿದರು. ಮಾಸ್ತರರು ಕೆಟ್ಟವರಲ್ಲ, ನೇರ ಮನುಷ್ಯ. "ಪುರಾಣಕ್ಕ ತಪ್ಪು ಅರ್ಥ ಹೇಳೂದು ದೇವರ ಮುಂದ ಸುಳ್ಳು ಸಾಕ್ಷಿ ಹೇಳಿದಂಗ್ರೀ. ಬರೂ ವರ್ಷ ಕಲಬುರಗಿಯಿಂದ ಕಲಿತ ಶಾಸ್ತ್ರಿಗಳನ್ನ ಕರೆಸೋಣ," ಎಂದರು. ಹಿರಿಯರು ಗಡ್ಡ ನೀವಿಕೊಂಡರು. ಮುಗಿಯುವತನಕ ನೋಡೋಣ, ಇನ್ನೊಂದು ತಪ್ಪಾದರೆ ಮಾಮಾ ಆ ಕಟ್ಟೆಯಿಂದ ಇಳಿಯಬೇಕು ಎಂದು ಠರಾವಾಯಿತು. ಮಾಮಾ ಒಪ್ಪಿಕೊಂಡು ರುಮಾಲು ಸರಿಮಾಡಿಕೊಂಡು ಮನೆಗೆ ಹೋದ.

ನಾನು ಬೆನ್ನು ಹತ್ತಿದೆ. "ಮಾಮಾ, ಹೋಗಲಿ ಬಿಡು. ವಯಸ್ಸಾತು. ಈ ಹೈರಾಣ ನಿಂಗ್ಯಾಕ ಬೇಕು?"

ಅವನು ಅಂಗಳದಲ್ಲಿ ನಿಂತ. "ಅಳಿಯಾ, ಮಾರ್ಕೆಟ್‌ನ್ಯಾಗ ನನ್ನ ಹೆಸರು ಯಾರಿಗರೆ ಗೊತ್ತದ ಏನು? 'ಏಯ್ ಹಮಾಲ್, ಇಲ್ಲಿ ಬಾ' ಅಂತಾರ. ಹನ್ನೊಂದು ತಿಂಗಳು ನಾ ಬರೀ ಬೆನ್ನು. ಇದೊಂದೇ ತಿಂಗಳು ನಂಗ ಬಾಯಿ ಅದ."

ಆ ಮಾತು ಕೇಳಿ ಮನೆಗೆ ಬಂದೆ. ಹೇಳಿಬಿಡಲೇ? ಹೋಗಿ ಮಾಸ್ತರರ ಮುಂದೆ, 'ಸಾಲು ನುಂಗಿದವನು ನಾನು' ಎನ್ನಲೇ? ಬಾಯಿ ಬರಲಿಲ್ಲ. ನೀರನ್ನು ಹೇಳಿದ ಕಡೆ ಹರಿಸುವ ಗೌಂಡಿ, ಊರೆಲ್ಲ ಹೊಗಳುವ ದನಿ. ಇವನಿಗೆ ಓದಲಿಕ್ಕೇ ಬರುವುದಿಲ್ಲ ಎಂದು ಜನ ನಕ್ಕರೆ? ಕಲ್ಲು ಹೊತ್ತಿದ್ದೇನೆ, ಸುಣ್ಣದಲ್ಲಿ ಕೈ ಸುಟ್ಟುಕೊಂಡಿದ್ದೇನೆ, ಆದರೆ ನಗು ತಾಳಿಕೊಂಡು ರೂಢಿಯಿಲ್ಲ.

ಅದರ ಬದಲು ಕಳ್ಳದಾರಿ ಹಿಡಿದೆ. ಜೇವರ್ಗಿಯಲ್ಲಿ ಒಂದು ಚಿಕ್ಕ ಶಬ್ದಕೋಶ ತಂದು, ಸಂಜೆಯ ಪದ್ಯದ ಕಠಿಣ ಶಬ್ದಗಳನ್ನು ಹುಡುಕಿ, ಚೀಟಿಯಲ್ಲಿ ಬರೆದು, ಮಧ್ಯಾಹ್ನ ಮಾಮಾ ಬುತ್ತಿ ಉಣ್ಣುವ ಹೊತ್ತಿಗೆ ಮಾರುಕಟ್ಟೆಗೆ ಒಯ್ದು ಕೊಟ್ಟೆ. ಅವನು ಚೀಟಿಯನ್ನು ಬಿಚ್ಚಲೂ ಇಲ್ಲ. ಅದರಲ್ಲಿ ತಂಬಾಕು ಹಾಕಿ ಮಡಚಿ ಕಿಸೆಗೆ ಇಳಿಸಿದ!

"ನೀ ನಂಗ ಮತಲಬ್ ತಂದುಕೊಡಬ್ಯಾಡ. ನೀ ಓದು. ಅಷ್ಟು ಸಾಕು."

ಓದು! ಅದೇ ಬಾರದಲ್ಲ! ಕಡೆಗೆ ಕೆಲಸದ ಜಾಗದಲ್ಲೇ ಅಭ್ಯಾಸಕ್ಕೆ ಹತ್ತಿದೆ. ಕಲ್ಲು ಕೊರೆಯುತ್ತ "ಸ್ಫುರ... ಸ್ಫುರನ್ಮೌ... ಸ್ಫುರನ್ಮೌಕ್ತಿ..." ಎನ್ನುತ್ತಿದ್ದರೆ ಆ ಮನೆಯ ಮುದುಕಿ ಬಾಗಿಲ ಸಂದಿಯಿಂದ ಹಣಿಕಿ ನೋಡಿದಳು. ಸ್ವಲ್ಪ ಹೊತ್ತಿಗೆ ಒಂದು ಚೊಂಬು ಮಜ್ಜಿಗೆ ತಂದಿಟ್ಟು, ದೂರ ನಿಂತು, "ಕುಡಿ ಯಪ್ಪಾ, ಬಿಸಲು ತಲಿಗೇರ್ಯಾದ," ಎಂದಳು. ಮರುದಿನ ನನ್ನ ಕರಣಿಯ ಪಕ್ಕದಲ್ಲಿ ಒಂದು ಮಂತ್ರಿಸಿದ ನಿಂಬೆಹಣ್ಣೂ ಇತ್ತು!

ಅದೇ ಮನೆಯಲ್ಲಿ ನಡುಮನೆಯ ಒಂದು ಹಳೆಯ ಫರಸಿ ಒಡೆದಿತ್ತು. ಅದನ್ನು ಕಿತ್ತು ಹೊಸದು ಕೂಡಿಸಬೇಕು. ಒಡೆದ ಕಲ್ಲಿನ ಅಳತೆಯನ್ನು ಯಾವ ಗೌಂಡಿಯೂ ತೆಗೆಯುವುದಿಲ್ಲ. ಅದರ ನಾಲ್ಕೂ ಕಡೆಯ ಕಲ್ಲುಗಳು ಅಳತೆ ಹೇಳುತ್ತವೆ. ನಾಲ್ಕರಲ್ಲಿ ಒಂದನ್ನು ಎತ್ತಿಬಿಟ್ಟರೆ? ಎಂಥ ಉಸ್ತಾದನಿಗೂ ಅಳತೆ ತಪ್ಪುತ್ತದೆ. ಆ ಖಾಲಿ ಜಾಗದ ಮುಂದೆ ಪಟ್ಟಿ ಹಿಡಿದು ಕೂತವನಿಗೆ ಕೈಯೇ ಓಡಲಿಲ್ಲ. ಮಾಮಾನ ಕಲ್ಲು ಎತ್ತಿ ಬಚ್ಚಿಟ್ಟವನು ನಾನು. ಅಳತೆ ತಪ್ಪಿದ್ದಕ್ಕೆ ಠರಾವಾದದ್ದು ಅವನ ಮೇಲೆ.

ಮಂಗಲದ ದಿನ ಬಂತು. ಪುರಾಣದ ಕಡೆಯ ಸಂಜೆ. ಹೊರಗೆ ಗೋದಿ ಹುಗ್ಗಿ ಕುದಿಯುತ್ತಿದೆ, ಒಳಗೆ ಕಾಲಿಡಲು ಜಾಗವಿಲ್ಲ. ಅತ್ತಿ ರುಮಾಲಿಗೆ ನೀಲಿ ಹಾಕಿ ಒಗೆದು ಕೊಟ್ಟಿದ್ದಳು. ಮಾಸ್ತರರು ಮುಂದೆ. ಅವರ ಹಿಂದೆ ಹಿರಿಯರು. ಆ ದಿನದವರೆಗೆ ಮಾಮಾ ಒಂದೂ ತಪ್ಪಿರಲಿಲ್ಲ. ಪ್ರತಿ ಶಬ್ದಕ್ಕೂ ಮಾಸ್ತರರ ಬೆರಳು ಓಡುತ್ತಿತ್ತು, "ಬರೋಬ್ಬರಿ" ಎಂದು ಬರುತ್ತಿತ್ತು. ನಾಲ್ಕೇ ಪದ್ಯ ಉಳಿದವು. ಮೂರು ಉಳಿದವು.

ಆಗ ಬಂತು ಆ ಪದ್ಯ. ಯುದ್ಧ ಮುಗಿದಿದೆ. ಮಗ ಇನ್ನೂ ಮನೆಗೆ ಬಂದಿಲ್ಲ. ದಂಡಿನಿಂದ ಬಂದ ಸೈನಿಕನೊಬ್ಬನನ್ನು ಮುದಿ ತಾಯಿ ಬಾಗಿಲಲ್ಲಿ ನಿಲ್ಲಿಸಿ, 'ಮಗನ ಹದುಳವ' ಕೇಳುತ್ತಾಳೆ. ಮೇಲಿನ ಸಾಲು ನೋಡಿದೆ. 'ಶಸ್ತ್ರಾಸ್ತ್ರಕ್ಷತಂಗಳಿಲ್ಲದೆ' ಎಂದಿತ್ತು. ಅಕ್ಷರದ ಮೇಲೆ ಅಕ್ಷರ, ಚೀಲದ ಮೇಲೆ ಚೀಲ ಒಟ್ಟಿದಂತೆ! ಅಭ್ಯಾಸವೆಲ್ಲ ಆವಿಯಾಯಿತು. ಹನ್ನೆರಡು ವರ್ಷದ ರೂಢಿ ಕೇಳಬೇಕೆ? 'ಆ...' ಎಂದು ರಾಗ ಎಳೆದೆ, ಪೇಟಿ ಏರಿತು, ಜಿಗಿದೆ.

"ಹದುಳ," ಎಂದ ಮಾಮಾ ಕಣ್ಣು ಮುಚ್ಚಿ. "ಹಿಂದಿಂದು ಓದು."

ಓದಿದೆ, ಆ ಸಾಲು ಬಿಟ್ಟು.

"ಮುಂದಿಂದು ಓದು."

ಓದಿದೆ. ತಾಯಿಯ ಕಣ್ಣೀರು ಇತ್ತು, ಬಾಗಿಲು ಇತ್ತು, ಅಷ್ಟೇ. ತಾಯಿ ಮಗನ ವಿಷಯ ಏನು ಬೇಕಾದರೂ ಕೇಳಬಹುದು. ಉಂಡನೇ ಎಂದು, ಎಲ್ಲಿದ್ದಾನೆ ಎಂದು, ಯಾವಾಗ ಬರುತ್ತಾನೆ ಎಂದು. ಮಾಮಾನ ಹೆಬ್ಬೆರಳು ಗೆಣ್ಣಿನ ಮೇಲೆ ನಿಂತುಬಿಟ್ಟಿತ್ತು. ಮಾಸ್ತರರ ಬೆರಳು ಪುಟದ ನಡುವೆ ಸಿದ್ಧವಾಗಿತ್ತು. ಅವರು ಶಬ್ದವನ್ನು ಆಗಲೇ ಹುಡುಕಿಟ್ಟುಕೊಂಡಿದ್ದರು! ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಹೆಂಗಸರ ನಡುವೆ ಅತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಮಾಮಾ ಕಣ್ಣು ತೆರೆದ. ಜನರ ಕಡೆ ತಿರುಗಲಿಲ್ಲ, ನನ್ನ ಕಡೆ ನೋಡಿದ.

"ಅಳಿಯಾ," ಎಂದ ಮೆಲ್ಲಗೆ, "ಇನ್ನೊಮ್ಮೆ ಓದು. ಪೂರಾ ಓದು."

ಪೂರಾ ಎಂದ ಮೇಲೆ ಇನ್ನು ಜಿಗಿಯುವ ಮಾತೇ ಇಲ್ಲ. ಪೇಟಿಯವನ ಕೈ ಹಿಡಿದು ನಿಲ್ಲಿಸಿದೆ. ರಾಗವಿಲ್ಲ, ತಾಳವಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು, ಒಂದನೇ ಇಯತ್ತೆಯ ಹುಡುಗನಂತೆ, ಇಡೀ ಊರಿನ ಮುಂದೆ ಓದಿದೆ. "ಶ... ಶಸ್ತ್ರಾ... ಶಸ್ತ್ರಾಸ... ಶಸ್ತ್ರಾಸ್ತ್ರ..." ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಏನಾತಲೇ ಗೌಂಡಿಗಿ? ನಾಲಿಗಿಗಿ ಸಿಮೆಂಟ್ ಹತ್ತ್ಯಾದ ಏನು?" ಎಂದರು. ನಾನು ನಿಲ್ಲಿಸಲಿಲ್ಲ. "ಶಸ್ತ್ರಾಸ್ತ್ರ... ಕ್ಷತಂ... ಕ್ಷತಂಗಳಿಲ್ಲದೆ... ಹದುಳವ ಕೇಳಿದಳು."

ನಾಲ್ಕು ತುಂಡಾಗಿ ಬಂತು, ಆದರೆ ಬಂತು. ಮಾಮಾನ ಹೆಬ್ಬೆರಳು ಒಂದು ಗೆಣ್ಣು ಮುಂದೆ ಸರಿಯಿತು. ಅವನ ಮುಖದ ಮೇಲೆ ದೀಪ ಹಚ್ಚಿದಂತಾಯಿತು.

"ಶಸ್ತ್ರದ ಗಾಯ ಇಲ್ಲದ," ಎಂದ. "ನಾ ಹುಡುಗ ಇದ್ದಾಗ ಮೊದಲನೇ ಸಲ ಚೀಲಾ ಹೊತ್ತು ಮನಿಗಿ ಬಂದೆ. ನಮ್ಮವ್ವ ಉಣ್ಣು ಅನ್ಲಿಲ್ಲ, ಕೂಡು ಅನ್ಲಿಲ್ಲ. ಅಂಗಿ ಎತ್ತಿ ಬೆನ್ನ ಮ್ಯಾಲ ಕೈಯಾಡಿಸಿದಳು. ಎಲ್ಲಿ ಸುಲದದ, ಎಲ್ಲಿ ಬಾತದ ನೋಡಿದಳು. ಆಮ್ಯಾಲ ಉಸುರು ಬಿಟ್ಟಳು. ಈ ತಾಯಿಗಿ ಮಗನ ಬೆನ್ನು ಕೈಗಿ ಸಿಗವಲ್ದು. ಅದಕ್ಕ ಬಾಯಿಲೆ ಕೇಳಾಕತ್ತಾಳ. ನನ್ನ ಕೂಸಿಗಿ ಎಲ್ಲೂ ಏನೂ ಆಗಿಲ್ಲಲ್ಲ? ಚಂದ ಅದಾನಲ್ಲ? ಅದೇ ಹದುಳರೀ."

ಮಾಸ್ತರರು ಪುಟ ನೋಡಿದರು. ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು.

"ಕ್ಷೇಮ, ಸುಖ," ಎಂದು ಓದಿ, ಆ ಇಟ್ಟಂಗಿಯನ್ನು ಮುಚ್ಚಿದರು. "ಇದರಾಗ ಎರಡೇ ಶಬ್ದ ಅದಾವ್ರೀ ಶಾಸ್ತ್ರಿಗಳೇ. ನಿಮ್ಮಷ್ಟಿಲ್ಲ."

ಕಲಬುರಗಿಯ ಶಾಸ್ತ್ರಿಗಳ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಹುಗ್ಗಿಯ ಸಾಲಿನಲ್ಲಿ ಮಾಸ್ತರರು ಮಾಮಾನ ಪಕ್ಕದಲ್ಲೇ ಕೂತು ತಮ್ಮ ಪಾಲಿನ ತುಪ್ಪವನ್ನೂ ಅವನಿಗೆ ಹಾಕಿಸಿದರು. ನನಗೆ ಬಡಿಸಿದವರೆಲ್ಲ, "ಶಸ್ತ್ರಾಸ್ತ್ರ ಸಾಕೇನು, ಇನ್ನೊಂದು ಸೌಟು ಹಾಕ್ಲ್ಯಾ?" ಎಂದು ಕೇಳಿ ಹೋದರು. ನಕ್ಕರು, ಉಂಡರು, ಮರೆತರು. ನಗುವೆಂದರೆ ಇಷ್ಟೇಯೋ? ಇಷ್ಟಕ್ಕೆ ಹನ್ನೆರಡು ವರ್ಷ ಅಂಜಿದ್ದೆನೋ?

ಜನ ಕರಗಿದ ಮೇಲೆ ಮಾಮಾ ಕಟ್ಟೆಯ ಮೇಲೆ ರುಮಾಲು ಬಿಚ್ಚಿ ಮಡಚುತ್ತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

"ಮಾಮಾ, ಅವತ್ತು ತೊಡವಿನ ಪದ್ಯದಾಗ ನಾ ಒಂದು ಸಾಲು..."

ಅವನು ಅಂಗೈ ಚಾಚಿ ನನ್ನ ಮುಂದೆ ಹಿಡಿದ. ಹೆಬ್ಬೆರಳಿಂದ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿದ. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿ ನಿಂತ.

"ಪದ್ಯಕ್ಕ ಆರು ಸಾಲು. ಐದಕ್ಕ ಮುಗದ್ರ ನಂಗ ತಿಳಿಯಂಗಿಲ್ಲೇನಲೇ? ಚೀಲಾ ಎಣಸೋ ಮನಶ್ಯಾ ನಾ."

ಜಪವಲ್ಲ ಅದು! ಎಣಿಕೆ!

"ಎಂದಿನಿಂದ ಗೊತ್ತದ?"

"ನೀ ಓದಾಕ ಕುಂತ ಮೊದಲನೇ ದಿನದಿಂದ."

"ಮತ್ತ ಅವತ್ತು ಯಾಕ ಅನ್ಲಿಲ್ಲ ಮಾಮಾ? ಇವ ಸಾಲು ಬಿಟ್ಟಾನ ಅಂದಿದ್ರ ಮುಗೀತಿತ್ತು. ಊರ ಮುಂದ ನಿನ್ನ ಇಜ್ಜತ್ ಹೋತಲ್ಲ."

ಮಾಮಾ ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮಡಿಕೆಯನ್ನು ತೀಡಿದ.

"ಹಮಾಲ ಮತಲಬ್ ತಪ್ಪಿದ್ರ ಮಂದಿ ನಗ್ತಾರ, ಬಿಡ್ತಾರ. ಓದೋನ್ನ ನಾನೇ ಹಿಡದು ಕೊಟ್ಟಿದ್ರ, ನೀ ಮತ್ತ ಆ ಕಿತಾಬು ಮುಟ್ತಿದ್ದೇನು? ಅವತ್ತಿನ ಲಟ್ಟಣಿಗಿ ನಿನ್ನ ಕಡೀಗಿ ಬರಾಕತ್ತಿತ್ತು ಅಳಿಯಾ. ನಾ ಜರಾ ಅಡ್ಡ ನಿಂತೆ, ಅಷ್ಟೇ. ಚೀಲಾ ಹೊತ್ತ ಬೆನ್ನದ. ನೋಯಂಗಿಲ್ಲ."

ಮಾಮಾ ಕಲ್ಲಿನಂತೆ ಒರಟಾದ ಅಂಗೈಯನ್ನು ನನ್ನ ಬೆನ್ನ ಮೇಲಿಟ್ಟು, ಮೇಲಿನಿಂದ ಕೆಳಗೆ ಒಮ್ಮೆ ಆಡಿಸಿದ.

ಅದರ ಮತಲಬ್‌ಗೆ ನಾನು ಆಜುಬಾಜು ಯಾರನ್ನೂ ಕೇಳಲಿಲ್ಲ.